ಮಾರಕ ಸೋಂಕು ಮೊದಲ ವಾರದಲ್ಲೇ ನಿಲ್ಲಬೇಕಾದರೆ: ವಾರ್ಡ್‌ನಲ್ಲಿ ಕೆಲಸ ಮಾಡುವವರು ಕೇಳುತ್ತಿರುವುದೇನು?

1976ರ ಮಾತು. ಆಗ ಜಾಯಿರ್ ಎಂದು ಕರೆಯುತ್ತಿದ್ದ ಕಾಂಗೋ ದೇಶದ ಯಾಂಬುಕು ಎಂಬ ಹಳ್ಳಿಯಲ್ಲಿ ಒಂದು ಮಿಷನ್ ಆಸ್ಪತ್ರೆ ಇತ್ತು. ಅಲ್ಲಿ ಹೊರರೋಗಿಗಳನ್ನು ನೋಡುವ ನರ್ಸ್‌ಗಳಿಗೆ ದಿನಾ ಬೆಳಿಗ್ಗೆ ಐದು ಸಿರಿಂಜ್ ಕೊಡುತ್ತಿದ್ದರು. ಇಡೀ ದಿನಕ್ಕೆ ಐದೇ. ರೋಗಿಗಳು ಮಾತ್ರ ನೂರಾರು. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಬೆಚ್ಚಗಿನ ನೀರಲ್ಲಿ ಜಾಲಿಸಿ ಇನ್ನೊಬ್ಬರಿಗೆ ಚುಚ್ಚುವುದು, ಅದನ್ನೇ ಮತ್ತೊಬ್ಬರಿಗೆ. ಎಬೋಲಾ ಅನ್ನುವ ಹೆಸರೇ ಇನ್ನೂ ಇಲ್ಲದಿದ್ದ ಆ ರೋಗ ಈ ಸೂಜಿಗಳ ಮೂಲಕ ಊರೂರಿಗೆ ಹೋಯಿತು. 318 ಜನರಿಗೆ ತಗುಲಿ 280 ಜನ ಸತ್ತರು. ಆಸ್ಪತ್ರೆಯ 17 ಸಿಬ್ಬಂದಿಯಲ್ಲಿ 11 ಜನ ತೀರಿಕೊಂಡರು. ಕೊನೆಗೆ ಆಸ್ಪತ್ರೆಯೇ ಬಾಗಿಲು ಹಾಕಿತು. ಆಮೇಲೆ ರೋಗ ಇಳಿಯತೊಡಗಿತು.

ಆಸ್ಪತ್ರೆ ಮುಚ್ಚಿದ್ದಕ್ಕೆ ರೋಗ ಕಡಿಮೆಯಾಯಿತು ಅಂದರೆ ವಿಚಿತ್ರ ಅನಿಸುತ್ತದೆ, ಅಲ್ವಾ? ಆದರೆ ದೊಡ್ಡ ದೊಡ್ಡ ಸೋಂಕುಗಳ ಕಥೆಯನ್ನು ಒಂದೊಂದಾಗಿ ತೆಗೆದು ನೋಡಿದರೆ ಇದೇ ಮತ್ತೆ ಮತ್ತೆ ಕಾಣುತ್ತದೆ. ರೋಗ ಕಾಡಿನಿಂದ ಬಂದಿರಲಿ, ಸಂತೆಯಿಂದ ಬಂದಿರಲಿ, ಅದು ಬೆಂಕಿ ಹಿಡಿಯುವ ಜಾಗ ಬಹಳ ಸಲ ಆಸ್ಪತ್ರೆಯೇ. ಅಲ್ಲಿಯೇ ಆರುವುದೂ ಉಂಟು. 2003ರಲ್ಲಿ ಹರಡಿದ ಉಸಿರಾಟದ ಸೋಂಕು ಸಾರ್ಸ್‌ನಲ್ಲಿ ಜಗತ್ತಿನಾದ್ಯಂತ ಲೆಕ್ಕಕ್ಕೆ ಸಿಕ್ಕ ರೋಗಿಗಳು 8,098. ಅದರಲ್ಲಿ 1,700ಕ್ಕೂ ಹೆಚ್ಚು ಜನ ಆಸ್ಪತ್ರೆ ಸಿಬ್ಬಂದಿ, ಅಂದರೆ ಐವರಲ್ಲಿ ಒಬ್ಬರು. ಪಶ್ಚಿಮ ಆಫ್ರಿಕಾದಲ್ಲಿ 2014ರಲ್ಲಿ ಎಬೋಲಾ ಭುಗಿಲೆದ್ದಾಗ ಅಲ್ಲಿನ ಆರೋಗ್ಯ ಸಿಬ್ಬಂದಿಗೆ ಸೋಂಕು ತಗುಲುವ ಸಾಧ್ಯತೆ ಉಳಿದ ವಯಸ್ಕರಿಗಿಂತ 21ರಿಂದ 32 ಪಟ್ಟು ಜಾಸ್ತಿ ಇತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಮರುವರ್ಷ ಲೆಕ್ಕ ಕೊಟ್ಟಿತು.

ಹಾಗಾಗಿ ಮುಂದಿನ ಸೋಂಕನ್ನು ತಡೆಯುವುದು ಹೇಗೆ ಅನ್ನುವ ಪ್ರಶ್ನೆಯನ್ನು ಇವರನ್ನೇ ಮೊದಲು ಕೇಳಬೇಕು. ಕೇಳಿದವರೂ ಇದ್ದಾರೆ. ಕೊಕ್ರೇನ್ ಅನ್ನುವ ಸಂಸ್ಥೆ ಇದೆ, ವೈದ್ಯಕೀಯ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವುದೇ ಅದರ ಕೆಲಸ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಎಲ್ಲೆಡೆ ಹಬ್ಬುತ್ತಿದ್ದಾಗ, ಅದು ತರಾತುರಿಯಲ್ಲಿ ಒಂದು ವರದಿ ತಂದಿತು. ಸಾರ್ಸ್, ಮರ್ಸ್, ಎಚ್1ಎನ್1, ಕ್ಷಯದಂಥ ಉಸಿರಾಟದ ಸೋಂಕುಗಳ ಕಾಲದಲ್ಲಿ ಕೆಲಸ ಮಾಡಿದವರು ಸೋಂಕು ತಡೆಯ ನಿಯಮಗಳನ್ನು ಯಾಕೆ ಪಾಲಿಸುತ್ತಾರೆ, ಯಾಕೆ ಪಾಲಿಸಲಾಗುವುದಿಲ್ಲ ಎಂದು ಅವರ ಮಾತಿನಲ್ಲೇ ದಾಖಲಿಸಿದ್ದ 20 ಅಧ್ಯಯನಗಳನ್ನು ಕೂಲಂಕಷವಾಗಿ ಓದಿ ಬರೆದದ್ದು ಅದು. ಅದರಲ್ಲಿ ಯಾರೂ ಹೊಸ ಯಂತ್ರ ಕೇಳಿಲ್ಲ. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರಲಿ, ಸೂಚನೆಗಳು ಅರ್ಥವಾಗುವಂತಿರಲಿ, ರೋಗಿಯನ್ನು ಬೇರೆ ಇಡಲು ಒಂದು ರೂಮ್ ಇರಲಿ, ಮೇಲಿನವರು ನಮ್ಮ ಹಿಂದೆ ನಿಲ್ಲಲಿ. ಇಷ್ಟೇ. ಈ ಸಾದಾ ಬೇಡಿಕೆಗಳೇ ಯಾಕೆ ಅಷ್ಟು ಮುಖ್ಯ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲ ಅನುಮಾನ

ಮಾರಕ ರೋಗಗಳ ದೊಡ್ಡ ಕಷ್ಟ ಏನೆಂದರೆ ಶುರುವಿನಲ್ಲಿ ಅವು ಮಾಮೂಲಿ ರೋಗದ ಹಾಗೇ ಕಾಣುತ್ತವೆ. ಜ್ವರ, ಮೈಕೈ ನೋವು, ವಾಂತಿ, ಸುಸ್ತು. ಮಲೇರಿಯಾಕ್ಕೂ ಇದೇ, ಟೈಫಾಯ್ಡ್‌ಗೂ ಇದೇ, ಎಬೋಲಾದ ಮೊದಲ ಮೂರು ದಿನಕ್ಕೂ ಇದೇ. ಓಪಿಡಿಯಲ್ಲಿ ಜ್ವರದವರ ಸಾಲೇ ನಿಂತಿರುವಾಗ ಇದರಲ್ಲಿ ಒಬ್ಬರದ್ದು ಮಾತ್ರ ಬೇರೆ ಎಂದು ಹೇಗೆ ಗೊತ್ತಾಗಬೇಕು? ಲ್ಯಾಬ್ ಹೇಳುತ್ತದೆ, ಸರಿ. ಆದರೆ ಲ್ಯಾಬ್‌ಗೆ ಸ್ಯಾಂಪಲ್ ಹೋಗುವುದು ಯಾರಿಗಾದರೂ ಅನುಮಾನ ಬಂದ ಮೇಲೆ ತಾನೇ. ಆ ಅನುಮಾನ ಬರುವುದು ರೋಗಿಯ ಹತ್ತಿರ ನಿಂತವರಿಗೆ. ಒಂದೇ ಮನೆಯ ಎರಡನೆಯವರೂ ಅದೇ ಲಕ್ಷಣದಿಂದ ಬಂದರು, ಕೊಟ್ಟ ಔಷಧಿಗೆ ಜ್ವರ ಬಗ್ಗುತ್ತಿಲ್ಲ, ಜೊತೆಯಲ್ಲಿ ಕೆಲಸ ಮಾಡುವ ನರ್ಸ್‌ಗೂ ಮೈ ಬಿಸಿಯಾಗಿದೆ. ಇಂಥ ಸಣ್ಣ ಸುಳಿವುಗಳು.

2014ರ ಜುಲೈನಲ್ಲಿ ನೈಜೀರಿಯಾದ ಲಾಗೋಸ್ ನಗರಕ್ಕೆ ಲೈಬೀರಿಯಾದಿಂದ ವಿಮಾನದಲ್ಲಿ ಬಂದವರೊಬ್ಬರು ಕುಸಿದು ಆಸ್ಪತ್ರೆ ಸೇರಿದರು. ಮೊದಲು ಮಲೇರಿಯಾ ಎಂದೇ ಚಿಕಿತ್ಸೆ ಶುರುವಾಯಿತು. ಹಿರಿಯ ವೈದ್ಯೆ ಅಮೆಯೊ ಸ್ಟೆಲ್ಲಾ ಅಡಾಡೆವೊ ಬಂದು ನೋಡಿದವರೇ ಅನುಮಾನಪಟ್ಟರು. ಅವರು ಅದಕ್ಕೂ ಮುಂಚೆ ಎಬೋಲಾ ರೋಗಿಯನ್ನು ಕಂಡವರಲ್ಲ, ನೈಜೀರಿಯಾದಲ್ಲಿ ಯಾರೂ ಕಂಡಿರಲಿಲ್ಲ. ರೋಗಿಯನ್ನು ಬಿಟ್ಟು ಕಳಿಸಿ ಎಂದು ಲೈಬೀರಿಯಾದ ಅಧಿಕಾರಿಗಳಿಂದ ಒತ್ತಡ ಬಂತು. ಅಡಾಡೆವೊ ಬಿಡಲಿಲ್ಲ. ಅಂದು ಬಿಟ್ಟಿದ್ದರೆ ಕೋಟಿಗಟ್ಟಲೆ ಜನ ಇರುವ ಆ ನಗರದೊಳಗೆ ರೋಗ ಕರಗಿ ಹೋಗುತ್ತಿತ್ತು, ಹುಡುಕುವುದು ಎಲ್ಲಿಂದ? ನೈಜೀರಿಯಾದಲ್ಲಿ ಆ ಸಲ ಒಟ್ಟು 20 ಜನರಿಗಷ್ಟೇ ರೋಗ ಬಂತು, 8 ಜನ ಸತ್ತರು. ಆ ಎಂಟು ಜನರಲ್ಲಿ ಅಡಾಡೆವೊ ಕೂಡ ಒಬ್ಬರು. ಅತ್ತ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಮೂರೂ ಸೇರಿ 28,000ಕ್ಕೂ ಹೆಚ್ಚು ಜನರಿಗೆ ರೋಗ ತಗುಲಿ 11,000ಕ್ಕೂ ಹೆಚ್ಚು ಜನ ಹೋದರು.

ಅನುಮಾನ ಬಂದರಷ್ಟೇ ಸಾಲದು, ಅದನ್ನು ಕೇಳಿಸಿಕೊಳ್ಳುವವರೂ ಬೇಕು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಜ್ವರ ಎಂದು ಎಮರ್ಜೆನ್ಸಿಗೆ ಬಂದ ವ್ಯಕ್ತಿ ಆಫ್ರಿಕಾದಿಂದ ಬಂದವರು ಎಂದು ನರ್ಸ್ ಕಂಪ್ಯೂಟರ್‌ನಲ್ಲಿ ಬರೆದಿಟ್ಟಿದ್ದರು. ಆದರೂ ಅವರಿಗೆ ಆ್ಯಂಟಿಬಯೋಟಿಕ್ ಬರೆದುಕೊಟ್ಟು ಮನೆಗೆ ಕಳಿಸಲಾಯಿತು. ಮೂರು ದಿನ ಬಿಟ್ಟು ಆಂಬುಲೆನ್ಸ್‌ನಲ್ಲಿ ವಾಪಸ್ ಬಂದರು, ಎಬೋಲಾ. ಅವರು ಉಳಿಯಲಿಲ್ಲ. ಆರೈಕೆ ಮಾಡಿದ ಇಬ್ಬರು ನರ್ಸ್‌ಗಳಿಗೂ ತಗುಲಿತು, ಪುಣ್ಯಕ್ಕೆ ಅವರಿಬ್ಬರೂ ಬದುಕಿದರು.

ನನಗೆ ಇದಕ್ಕಿಂತ ಹೆಚ್ಚು ಸಿಟ್ಟು ತರಿಸುವುದು ಕೆನಡಾದ ಟೊರಾಂಟೋದ ಕಥೆ. 2003ರ ಮೇ ತಿಂಗಳು. ಸಾರ್ಸ್ ಮುಗಿಯಿತು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟಿದ್ದರು, ಆಸ್ಪತ್ರೆಗಳಲ್ಲಿ ಮಾಸ್ಕ್ ನಿಯಮ ಸಡಿಲವಾಗಿತ್ತು. ಒಂದು ಆಸ್ಪತ್ರೆಯ ನರ್ಸ್‌ಗಳು ಮಾತ್ರ 'ಇಲ್ಲ, ಇನ್ನೂ ಮುಗಿದಿಲ್ಲ, ಈ ರೋಗಿಗಳ ಲಕ್ಷಣ ಸಾರ್ಸ್ ಥರಾನೇ ಇದೆ' ಎಂದು ಹೇಳುತ್ತಲೇ ಇದ್ದರು. ಅವರ ಮಾತಿಗೆ ಬೆಲೆ ಸಿಗಲಿಲ್ಲ. ಎರಡನೇ ಅಲೆ ಅಲ್ಲಿಂದಲೇ ಎದ್ದಿತು. ಆಮೇಲೆ ನ್ಯಾಯಮೂರ್ತಿ ಆರ್ಚೀ ಕ್ಯಾಂಪ್‌ಬೆಲ್ ಅವರ ಆಯೋಗ ತನಿಖೆ ಮಾಡಿತು. ಅದರ ಮುಖ್ಯ ಮಾತು ಇಷ್ಟು: ಅಪಾಯ ಇದೆ ಅನ್ನಿಸಿದಾಗ ವೈಜ್ಞಾನಿಕವಾಗಿ ನೂರಕ್ಕೆ ನೂರು ಸಾಬೀತಾಗಲಿ ಎಂದು ಕಾಯುತ್ತಾ ಕೂರಬಾರದು, ಮೊದಲು ಸಿಬ್ಬಂದಿಯನ್ನು ರಕ್ಷಿಸಬೇಕು. ಆಯೋಗ ಇದನ್ನು ಹೇಳಿ ಹದಿಮೂರು ವರ್ಷ ಆದಮೇಲೂ, ಕೋವಿಡ್ ಬಂದಾಗ, ಇದು ಗಾಳಿಯಲ್ಲಿ ಹರಡುತ್ತದೋ ಇಲ್ಲವೋ, ಸಣ್ಣ ಕಣಗಳನ್ನೂ ತಡೆಯುವ ಎನ್95 ಮಾಸ್ಕ್ ಕೊಡಬೇಕೋ ಸಾದಾ ಸರ್ಜಿಕಲ್ ಮಾಸ್ಕ್ ಸಾಕೋ ಅನ್ನುವ ಅದೇ ಜಗಳ ಜಗತ್ತಿನ ಎಲ್ಲೆಡೆ ಮತ್ತೆ ನಡೆಯಿತು.

ಚೀನಾದ ವುಹಾನ್‌ನ ಕಣ್ಣಿನ ವೈದ್ಯ ಲಿ ವೆನ್‌ಲಿಯಾಂಗ್ ವಿಷಯ ಎಲ್ಲರಿಗೂ ಗೊತ್ತು. 2019ರ ಡಿಸೆಂಬರ್ 30ರಂದು ಜೊತೆಯ ವೈದ್ಯರಿಗೆ ಎಚ್ಚರಿಕೆಯ ಮೆಸೇಜ್ ಹಾಕಿದ್ದಕ್ಕೆ ಪೊಲೀಸರು ಕರೆಸಿ ಗದರಿಸಿ ಸಹಿ ಹಾಕಿಸಿಕೊಂಡರು. ಫೆಬ್ರವರಿಯಲ್ಲಿ ಅವರು ಕೋವಿಡ್‌ನಿಂದಲೇ ತೀರಿಕೊಂಡರು. ಹೀಗಾಗುತ್ತದೆ ಎಂದು ಒಮ್ಮೆ ಕಂಡವರು ಮುಂದಿನ ಸಲ ಬಾಯಿ ಬಿಡುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಆ ಯೋಚನೆಯಲ್ಲಿ ಕಳೆಯುವ ಎರಡು ದಿನ ರೋಗಕ್ಕೆ ಸಿಗುತ್ತದೆ.

ಈಗ ಸಾರ್ವಜನಿಕ ಆರೋಗ್ಯದವರು 7-1-7 ಎಂಬ ಗುರಿ ಇಟ್ಟುಕೊಂಡಿದ್ದಾರೆ. ರೋಗ ಕಾಣಿಸಿಕೊಂಡ 7 ದಿನದೊಳಗೆ ಪತ್ತೆಯಾಗಬೇಕು, ಪತ್ತೆಯಾದ 1 ದಿನದೊಳಗೆ ಮೇಲೆ ತಿಳಿಸಬೇಕು, ಅಲ್ಲಿಂದ 7 ದಿನದೊಳಗೆ ತಡೆಯುವ ಮೊದಲ ಕೆಲಸಗಳೆಲ್ಲ ಆಗಿರಬೇಕು. ಲೆಕ್ಕ ಚೆನ್ನಾಗಿದೆ. ಆದರೆ ಮಧ್ಯದ ಆ ಒಂದು ದಿನ ನಿಂತಿರುವುದು ರಾತ್ರಿ ಡ್ಯೂಟಿಯ ನರ್ಸ್ ಯಾರಿಗೆ ಫೋನ್ ಮಾಡಬೇಕು, ಮಾಡಿದರೆ ಆ ಕಡೆಯವರು ಎತ್ತುತ್ತಾರಾ, ಎತ್ತಿದವರು ಬೈಯದೆ ಕೇಳುತ್ತಾರಾ ಅನ್ನುವುದರ ಮೇಲೆ.

ಹಾಕಿಕೊಳ್ಳುವುದಲ್ಲ, ಬಿಚ್ಚುವುದು

ಪಿಪಿಇ, ಅಂದರೆ ಸೋಂಕು ತಗುಲದಂತೆ ಹಾಕಿಕೊಳ್ಳುವ ರಕ್ಷಣಾ ಉಡುಪು ಅಂದಾಗ ಹೊರಗಿನವರಿಗೆ ಬಿಳಿ ಗೌನ್ ಹಾಕಿಕೊಂಡು ಗಗನಯಾತ್ರಿಗಳ ಹಾಗೆ ಓಡಾಡುವ ಚಿತ್ರ ನೆನಪಾಗುತ್ತದೆ. ಒಳಗಿನವರಿಗೆ ಭಯ ಇರುವುದು ಅದನ್ನು ಬಿಚ್ಚುವಾಗ. ಎಬೋಲಾದಂಥ ರೋಗದ ವಾರ್ಡ್‌ನಿಂದ ಹೊರಗೆ ಬಂದವರ ಮೈ ಮೇಲಿನ ಬಟ್ಟೆಯೆಲ್ಲ ಸೋಂಕೇ ಎಂದು ಲೆಕ್ಕ. ಒಳಗೆ ಬೆವರು ಹರಿದು ಬೂಟಿನಲ್ಲಿ ನಿಂತಿರುತ್ತದೆ, ಕನ್ನಡಕ ಮಂಜಾಗಿರುತ್ತದೆ, ತಲೆ ಸುತ್ತುತ್ತಿರುತ್ತದೆ. ಪಶ್ಚಿಮ ಆಫ್ರಿಕಾದ ಸೆಕೆಯಲ್ಲಿ ಒಂದು ಸಲಕ್ಕೆ ಸುಮಾರು ಒಂದು ಗಂಟೆಗಿಂತ ಹೆಚ್ಚು ಒಳಗಿರಲು ಆಗುತ್ತಿರಲಿಲ್ಲ. ಆ ಸ್ಥಿತಿಯಲ್ಲಿ ನಿಂತು ಹೊರಗಿನ ಗ್ಲೌಸ್ ತೊಳೆಯಬೇಕು. ಏಪ್ರನ್ ಬಿಚ್ಚಬೇಕು, ಕೈ ತೊಳೆಯಬೇಕು. ಗೌನನ್ನು ಒಳಮೈ ಹೊರಗೆ ಬರುವಂತೆ ಸುರುಳಿ ಸುತ್ತುತ್ತಾ ಇಳಿಸಬೇಕು, ಮತ್ತೆ ಕೈ. ಕನ್ನಡಕವನ್ನು ಹಿಂದಿನ ಪಟ್ಟಿ ಹಿಡಿದು ತೆಗೆಯಬೇಕು, ಮುಂಭಾಗ ಮುಟ್ಟುವಂತಿಲ್ಲ, ಮತ್ತೆ ಕೈ. ಮಾಸ್ಕ್ ಕೊನೆಯಲ್ಲಿ. ಈ ನಡುವೆ ಮೂಗು ತುರಿಸಿತು ಎಂದು ಗ್ಲೌಸ್ ಹಾಕಿದ ಕೈ ಒಮ್ಮೆ ಮುಖಕ್ಕೆ ಹೋದರೂ ಮುಗಿಯಿತು.

ಅದಕ್ಕೇ ಅನುಭವ ಇರುವವರು ಹೇಳುವುದು, ಬಿಚ್ಚುವಾಗ ಎದುರಿಗೆ ಇನ್ನೊಬ್ಬರು ನಿಂತಿರಬೇಕು ಎಂದು. ಅವರ ಕೆಲಸ ಒಂದೇ. ಪಟ್ಟಿ ಹಿಡಿದು ಒಂದೊಂದೇ ಹಂತವನ್ನು ಜೋರಾಗಿ ಓದುವುದು, ತಪ್ಪಿದರೆ 'ನಿಲ್ಲಿ' ಎನ್ನುವುದು. ಡಬ್ಬಿಗಟ್ಟಲೆ ಪಿಪಿಇ ಕಳಿಸಿ ಫೋಟೋ ತೆಗೆಸಿಕೊಳ್ಳುವುದು ಸುಲಭ. ಬಿಚ್ಚಲು ಒಂದು ಪ್ರತ್ಯೇಕ ಜಾಗ, ಅಲ್ಲಿ ನೀರು, ಎದುರಿಗೆ ನಿಲ್ಲಲು ಒಬ್ಬ ಹೆಚ್ಚುವರಿ ವ್ಯಕ್ತಿ, ವರ್ಷಕ್ಕೆ ಕೆಲವು ಸಲ ರಿಹರ್ಸಲ್, ಇವು ಯಾವ ಡಬ್ಬಿಯಲ್ಲೂ ಬರುವುದಿಲ್ಲ. ಅಳತೆಯದ್ದೂ ಒಂದು ಗೋಳು. ಆಸ್ಪತ್ರೆಯಲ್ಲಿ ಹೆಚ್ಚಿನವರು ಹೆಂಗಸರು, ಮಾಸ್ಕ್ ಮಾತ್ರ ದೊಡ್ಡ ಮುಖದ ಗಂಡಸಿನ ಅಳತೆಗೆ ಬರುತ್ತದೆ. ಸಣ್ಣ ಮುಖದ ಮೇಲೆ ಸಂದಿ ಬಿಟ್ಟ ಮಾಸ್ಕ್ ಹಾಕಿಕೊಂಡರೆ ಹಾಕಿದ ನೆಮ್ಮದಿ ಇರುತ್ತದೆ, ರಕ್ಷಣೆ ಇರುವುದಿಲ್ಲ.

ಇನ್ನು ಸುತ್ತೋಲೆಗಳ ಕಥೆ. ಸೋಂಕಿನ ಕಾಲದಲ್ಲಿ ವಾರಕ್ಕೊಂದು ಹೊಸ ನಿಯಮ ಬರುತ್ತದೆ, ಹಳೆಯದು ರದ್ದಾಗಿದೆಯೋ ಇಲ್ಲವೋ ಗೊತ್ತಿರುವುದಿಲ್ಲ, ರಾಷ್ಟ್ರದ್ದು ಒಂದು ಹೇಳಿದರೆ ಆಸ್ಪತ್ರೆಯದು ಇನ್ನೊಂದು ಹೇಳುತ್ತದೆ. ಕೊಕ್ರೇನ್ ವರದಿಯಲ್ಲೂ ಇದು ದೊಡ್ಡ ದೂರು: ನಿಯಮಗಳು ತೀರಾ ಉದ್ದ, ಗೊಂದಲ, ದಿನಾ ಬದಲಾಗುತ್ತವೆ. ನಲವತ್ತು ಪುಟದ ಪಿಡಿಎಫ್ ಓದಲು ಶಿಫ್ಟ್‌ನಲ್ಲಿ ಯಾರಿಗೆ ಪುರುಸೊತ್ತಿದೆ? ಗೋಡೆಗೆ ಅಂಟಿಸಬಹುದಾದ ಒಂದು ಹಾಳೆ, ಏನು ಬದಲಾಯಿತು, ಯಾಕೆ ಬದಲಾಯಿತು ಎಂದು ಎರಡು ಸಾಲು. ನಿಯಮ ಬದಲಾದದ್ದು ಹೊಸ ವಿಷಯ ಗೊತ್ತಾಗಿದ್ದಕ್ಕೋ, ಸ್ಟಾಕ್ ಖಾಲಿಯಾಗಿದ್ದಕ್ಕೋ ಅನ್ನುವುದನ್ನೂ ನೇರವಾಗಿ ಹೇಳಿಬಿಟ್ಟರೆ ಒಳ್ಳೆಯದು. ಸಿಬ್ಬಂದಿಗೆ ಅದು ಹೇಗೂ ಗೊತ್ತಾಗುತ್ತದೆ, ಮುಚ್ಚಿಟ್ಟರೆ ಮುಂದಿನ ನಿಯಮವನ್ನೂ ನಂಬುವುದಿಲ್ಲ.

ಲೆಕ್ಕಕ್ಕೆ ಸಿಗದವರು

ಆರೋಗ್ಯ ಸಿಬ್ಬಂದಿ ಅಂದ ತಕ್ಷಣ ಡಾಕ್ಟರ್, ನರ್ಸ್ ನೆನಪಾಗುತ್ತಾರೆ. ವಾಂತಿ ಒರೆಸುವವರು, ಬೆಡ್‌ಶೀಟ್ ಒಗೆಯುವವರು, ಕಸದ ಚೀಲ ಕಟ್ಟುವವರು, ಸ್ಟ್ರೆಚರ್ ತಳ್ಳುವವರು, ಆಂಬುಲೆನ್ಸ್ ಡ್ರೈವರ್, ಅಡುಗೆಯವರು? ವೈರಸ್ಸಿಗೆ ಹುದ್ದೆಯ ಭೇದ ಇಲ್ಲ. ಸಿಡುಬಿನ ಇತಿಹಾಸದಲ್ಲಿ ಇದಕ್ಕೊಂದು ಉದಾಹರಣೆ ಇದೆ. ಜಗತ್ತಿನಲ್ಲಿ ಸಹಜವಾಗಿ ಹರಡಿದ ಸಿಡುಬಿನ ಕೊನೆಯ ರೋಗಿ ಸೊಮಾಲಿಯಾದ ಮೆರ್ಕಾ ಪಟ್ಟಣದ ಅಲಿ ಮಾವ್ ಮಾಲಿನ್. 1977ರ ಅಕ್ಟೋಬರ್. ಆತ ಅಲ್ಲಿನ ಆಸ್ಪತ್ರೆಯ ಅಡುಗೆಯವನು. ಸಿಡುಬಿನ ಇಬ್ಬರು ಮಕ್ಕಳನ್ನು ಕರೆದೊಯ್ಯುತ್ತಿದ್ದ ವಾಹನಕ್ಕೆ ದಾರಿ ತೋರಿಸಲು ಹತ್ತಿದ್ದು ಕೆಲವೇ ನಿಮಿಷ. ಲಸಿಕೆ ಹಾಕಿಸಿಕೊಂಡಿರಲಿಲ್ಲ, ಚುಚ್ಚಿದರೆ ನೋಯುತ್ತದೆ ಎಂಬ ಭಯ. ಜ್ವರ ಬಂದಾಗ ಮೊದಲು ಮಲೇರಿಯಾ ಅಂದರು, ಆಮೇಲೆ ಚಿಕನ್‌ಪಾಕ್ಸ್ ಅಂದರು. ಸಿಡುಬು ನಿರ್ಮೂಲನದ ತಂಡಗಳು ದೇಶದ ತುಂಬ ಓಡಾಡುತ್ತಿದ್ದ ಹೊತ್ತಿನಲ್ಲಿ, ಆಸ್ಪತ್ರೆಯ ನೌಕರನೇ ತಪ್ಪಿಸಿಕೊಂಡಿದ್ದ. ಆತ ಬದುಕಿ ಉಳಿದು, ಎಷ್ಟೋ ವರ್ಷದ ಮೇಲೆ ಪೋಲಿಯೋ ಅಭಿಯಾನದಲ್ಲಿ ಮನೆ ಮನೆಗೆ ಹೋಗಿ ತನ್ನ ಕಥೆ ಹೇಳಿ ಲಸಿಕೆ ಹಾಕಿಸುತ್ತಿದ್ದ.

ಲಸಿಕೆಯ ವಿಷಯ ಬಂತಲ್ಲ, ಇದರಲ್ಲಿ ಆರೋಗ್ಯ ಸಿಬ್ಬಂದಿಯೆಲ್ಲ ಒಂದೇ ಮಾತು ಹೇಳುತ್ತಾರೆ ಎಂದುಕೊಳ್ಳಬೇಡಿ. ಸಿಬ್ಬಂದಿಗೆ ಲಸಿಕೆ ಕಡ್ಡಾಯ ಮಾಡಿ ಎನ್ನುವವರಿದ್ದಾರೆ, ಒತ್ತಾಯ ಮಾಡಿದರೆ ಇರುವವರೂ ಕೆಲಸ ಬಿಡುತ್ತಾರೆ ಎನ್ನುವವರೂ ಇದ್ದಾರೆ. ಎಬೋಲಾ ಲಸಿಕೆಯನ್ನು ಕಾಂಗೋದಲ್ಲಿ 2018ರಿಂದ ರೋಗಿಯ ಸುತ್ತಲಿನವರಿಗೆ, ಅವರ ಸುತ್ತಲಿನವರಿಗೆ, ಜೊತೆಗೆ ಆರೋಗ್ಯ ಸಿಬ್ಬಂದಿಗೆ ಆದ್ಯತೆ ಮೇಲೆ ಕೊಟ್ಟರು. ಹಾಕಿಸಿಕೊಳ್ಳಲು ಹಿಂಜರಿದವರಲ್ಲಿ ಸಿಬ್ಬಂದಿಯೂ ಇದ್ದರು. ಅವರೂ ಅದೇ ಊರಿನವರು, ಅದೇ ವದಂತಿ ಕೇಳಿದವರು.

ಕಟ್ಟಡ, ನೀರು, ನೂಕುನುಗ್ಗಲು

2015ರಲ್ಲಿ ದಕ್ಷಿಣ ಕೊರಿಯಾಕ್ಕೆ ಮರ್ಸ್ ಬಂತು. ಅಲ್ಲಿ ದುಡ್ಡಿಗೆ, ಯಂತ್ರಕ್ಕೆ, ಒಳ್ಳೆಯ ಡಾಕ್ಟರ್‌ಗಳಿಗೆ ಕೊರತೆ ಇರಲಿಲ್ಲ. ಆದರೂ 186 ಜನರಿಗೆ ತಗುಲಿ 38 ಜನ ಸತ್ತರು. ಸಿಯೋಲ್‌ನ ಒಂದು ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಬೆಡ್‌ಗಾಗಿ ಕಾಯುತ್ತಾ ಮೂರು ದಿನ ಇದ್ದ ಒಬ್ಬನೇ ರೋಗಿಯಿಂದ 80ಕ್ಕೂ ಹೆಚ್ಚು ಜನರಿಗೆ ಹರಡಿತು. ಕಾರಣ ನೂಕುನುಗ್ಗಲು. ಒತ್ತೊತ್ತಾಗಿ ಹಾಕಿದ ಮಂಚಗಳು, ಪ್ರತಿ ರೋಗಿಯ ಜೊತೆ ಮನೆಯವರು, ನೋಡಲು ಬರುವವರು ಬೇರೆ. ಜ್ವರ, ಕೆಮ್ಮು ಇರುವವರನ್ನು ಬಾಗಿಲಲ್ಲೇ ಕೇಳಿ ಬೇರೆ ದಾರಿಯಲ್ಲಿ ಕಳಿಸಿ ಎಂದು ಸಿಬ್ಬಂದಿ ಬಡಿದುಕೊಳ್ಳುವುದು ಇದಕ್ಕೇ. ಬಡ ದೇಶಗಳ ಕಥೆ ಇನ್ನೂ ಕೆಳಗಿನ ಮೆಟ್ಟಿಲಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಹೇಳಿದ ಪ್ರಕಾರ ಜಗತ್ತಿನ ಅರ್ಧದಷ್ಟು ಆಸ್ಪತ್ರೆ, ಕ್ಲಿನಿಕ್‌ಗಳಲ್ಲಿ ರೋಗಿಯ ಹತ್ತಿರ, ಶೌಚಾಲಯದ ಹತ್ತಿರ, ಈ ಎರಡೂ ಕಡೆ ಇರಬೇಕಾದ ಕೈ ತೊಳೆಯುವ ಕನಿಷ್ಠ ವ್ಯವಸ್ಥೆ ಪೂರ್ತಿಯಾಗಿ ಇರಲಿಲ್ಲ. ನಲ್ಲಿ ಇಲ್ಲದ ಕಡೆ ಕೈ ತೊಳೆಯಿರಿ ಎಂದು ಪೋಸ್ಟರ್ ಅಂಟಿಸಿ ಏನು ಪ್ರಯೋಜನ?

ಊರಿನವರು ನಂಬದಿದ್ದರೆ

2014ರ ಸೆಪ್ಟೆಂಬರ್‌ನಲ್ಲಿ ಗಿನಿ ದೇಶದ ವೊಮೆ ಎಂಬ ಹಳ್ಳಿಗೆ ಎಬೋಲಾ ಬಗ್ಗೆ ತಿಳಿಹೇಳಲು ಹೋದ ತಂಡದ ಎಂಟು ಜನರನ್ನು ಊರಿನವರೇ ಕೊಂದರು. 2019ರಲ್ಲಿ ಕಾಂಗೋದ ಬುಟೆಂಬೊದಲ್ಲಿ ಎಬೋಲಾ ಕೆಲಸಕ್ಕೆ ಬಂದಿದ್ದ ವೈದ್ಯರೊಬ್ಬರನ್ನು ಆಸ್ಪತ್ರೆಯಲ್ಲೇ ಗುಂಡಿಟ್ಟು ಕೊಂದರು. ಇದನ್ನು ಬರೀ ಅಜ್ಞಾನ ಎಂದು ತಳ್ಳಿಹಾಕಿದರೆ ಆಗುವುದಿಲ್ಲ. ಜನರ ಕಣ್ಣಿನಿಂದ ನೋಡಿ. ಮುಖ ಕಾಣದ ಬಿಳಿ ವೇಷದವರು ಬಂದರು, ಏನೋ ಸಿಂಪಡಿಸಿದರು, ಅಮ್ಮನನ್ನು ಗಾಡಿಯಲ್ಲಿ ಹಾಕಿಕೊಂಡು ಹೋದರು, ಅಮ್ಮ ವಾಪಸ್ ಬರಲಿಲ್ಲ, ಹೆಣವನ್ನೂ ತೋರಿಸಲಿಲ್ಲ. ಮುಂದಿನ ಸಲ ಮನೆಯಲ್ಲಿ ಜ್ವರ ಬಂದರೆ ಯಾರಾದರೂ ಹೇಳುತ್ತಾರಾ? ಬಚ್ಚಿಡುತ್ತಾರೆ.

ಎಬೋಲಾದಲ್ಲಿ ಸತ್ತವರ ದೇಹದಲ್ಲಿ ವೈರಸ್ ವಿಪರೀತ ಇರುತ್ತದೆ, ಹೆಣ ತೊಳೆಯುವ ಶಾಸ್ತ್ರದಿಂದ ಬಹಳ ಜನಕ್ಕೆ ತಗುಲಿತು. ಮೊದಲು 'ಮುಟ್ಟಬೇಡಿ' ಎಂದಷ್ಟೇ ಹೇಳಿದರು, ಜನ ರಾತ್ರಿ ಕದ್ದು ಹೂಳಿದರು. ಆಮೇಲೆ ಅಂತ್ಯಕ್ರಿಯೆಯ ತಂಡಗಳು ದಾರಿ ಬದಲಿಸಿದವು. ಮನೆಯವರು ಸ್ವಲ್ಪ ದೂರದಿಂದ ನೋಡಬಹುದು, ಧರ್ಮಗುರು ಬಂದು ಪ್ರಾರ್ಥನೆ ಮಾಡಬಹುದು, ಕಪ್ಪು ಚೀಲದ ಬದಲು ಹೆಣಕ್ಕೆ ಸುತ್ತುವ ಕಫನ್ ಬಟ್ಟೆಯಂತೆ ಕಾಣುವ ಬಿಳಿ ಚೀಲ. ತಂಡದವರು ಮೊದಲು ಮಾಮೂಲಿ ಬಟ್ಟೆಯಲ್ಲಿ ಬಂದು ಮನೆಯವರ ಜೊತೆ ಮಾತಾಡಿ, ಅವರ ಕಣ್ಣೆದುರೇ ಪಿಪಿಇ ಹಾಕಿಕೊಳ್ಳುವುದು. ವಿಜ್ಞಾನ ಒಂದಿಷ್ಟೂ ಸಡಿಲವಾಗಲಿಲ್ಲ, ವಿರೋಧ ಮಾತ್ರ ಇಳಿಯಿತು. ಅಲ್ಲಿ ಕೆಲಸ ಮಾಡಿದವರನ್ನು ಕೇಳಿದರೆ ಔಷಧಿಗಿಂತ ಇದನ್ನೇ ಮೊದಲು ಹೇಳುತ್ತಾರೆ.

ಸಂಬಳ, ರಜೆ, ಖಾಲಿ ಹುದ್ದೆ

ಕೊನೆಗೆ ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವ ವಿಷಯ. ಜ್ವರ ಬಂದ ನರ್ಸ್ ರಜೆ ಹಾಕಿದರೆ ಆ ದಿನದ ಸಂಬಳ ಹೋಗುತ್ತದೆ ಅಂತಾದರೆ ಆಕೆ ಒಂದು ಮಾತ್ರೆ ನುಂಗಿ ಡ್ಯೂಟಿಗೆ ಬರುತ್ತಾಳೆ. ಒಂದೇ ಕಡೆಯ ಸಂಬಳ ಸಾಲದು ಎಂದು ಎರಡು ಕಡೆ ಕೆಲಸ ಮಾಡುವವರು ಸೋಂಕನ್ನು ಎರಡೂ ಕಡೆಗೆ ಒಯ್ಯುತ್ತಾರೆ. ಕಾಯಿಲೆ ರಜೆಗೆ ಪೂರ್ತಿ ಸಂಬಳ ಕೊಡುವುದು ದಯೆಯ ವಿಷಯವೇ ಅಲ್ಲ, ಮಾಸ್ಕ್, ಗ್ಲೌಸ್‌ನಂತೆ ಅದೂ ಸೋಂಕು ತಡೆಯುವ ಸಾಧನವೇ. ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ ಎಬೋಲಾದ ನಟ್ಟನಡುವೆಯೇ ಸಿಬ್ಬಂದಿ ಅಪಾಯ ಭತ್ಯೆ ಬಂದಿಲ್ಲ ಎಂದು ಮುಷ್ಕರ ಮಾಡಬೇಕಾಯಿತು. ಮೊದಲು ಹೀರೋ ಎಂದು ಚಪ್ಪಾಳೆ, ಆಮೇಲೆ ಭತ್ಯೆಗೆ ಅಲೆದಾಟ. ಇದು ಒಂದು ದೇಶದ ಕಥೆಯಲ್ಲ.

ಸಿಬ್ಬಂದಿಯನ್ನು ಸೋಂಕು ಬಂದ ಮೇಲೆ ಹುಡುಕಲು ಹೊರಟರೆ ಆಗುವುದೂ ಇಲ್ಲ. ಮತ್ತೆ ಲಾಗೋಸ್ ನೋಡಿ. ಆ ಒಬ್ಬ ರೋಗಿಯಿಂದ ಶುರುವಾದ ಸರಪಳಿಯಲ್ಲಿ ಸಂಪರ್ಕಕ್ಕೆ ಬಂದವರ ಪಟ್ಟಿ 900ರ ಹತ್ತಿರ ಹೋಯಿತು. ಎಬೋಲಾ ಕಾಣಿಸಿಕೊಳ್ಳಲು 21 ದಿನದವರೆಗೂ ಬೇಕಾಗಬಹುದು, ಹಾಗಾಗಿ ಪಟ್ಟಿಯಲ್ಲಿದ್ದವರನ್ನೆಲ್ಲ 21 ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಮನೆ ಹುಡುಕಿ ಹೋಗಿ ಜ್ವರ ಅಳೆಯಬೇಕು. ಎಲ್ಲ ಸೇರಿ ಸುಮಾರು 18,500 ಭೇಟಿಗಳಾದವು. ಇಷ್ಟು ಜನ ಎಲ್ಲಿಂದ ಬಂದರು? ಆ ದೇಶದಲ್ಲಿ ಪೋಲಿಯೋ ಓಡಿಸಲು ಮೊದಲೇ ಒಂದು ತುರ್ತು ಕೇಂದ್ರ ಇತ್ತು. ಮನೆ ಮನೆ ಗೊತ್ತಿದ್ದ, ನಕ್ಷೆ ಓದಲು ಬರುತ್ತಿದ್ದ, ಸಂಬಳ ಪಡೆಯುತ್ತಿದ್ದ ತರಬೇತಾದ ಜನ ಇದ್ದರು. ಪೋಲಿಯೋ ಕೆಲಸದಲ್ಲಿದ್ದವರನ್ನೇ ಕರೆದು ಎಬೋಲಾ ಕೆಲಸಕ್ಕೆ ಹಚ್ಚಿದರು. 2014ರ ಅಕ್ಟೋಬರ್ 20ರಂದು, ಕೊನೆಯ ರೋಗಿಯ ನಂತರ 42 ದಿನ ಕಾದು, ನೈಜೀರಿಯಾ ಎಬೋಲಾ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ ಅದು ಮುಗಿಯಲು 2016 ಬರಬೇಕಾಯಿತು.